ಬೀಗ ಬಿದ್ದ ಓಟದಂಗಳ

ಅಮೆರಿಕದ ಶಾರ್ಲೆಟ್‌ನಲ್ಲಿ ನೆಲೆಸಿರುವ ನಮ್ಮ ಹಳೆಯ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ನಾರ್ತ್ ಕ್ಯಾರೊಲಿನಾದ ವಿಲ್ಕ್ಸ್ ಕೌಂಟಿಯಲ್ಲಿ ಪಾಳುಬಿದ್ದಿದ್ದ ನಾರ್ತ್ ವಿಲ್ಕ್ಸ್‌ಬೊರೊ ಸ್ಪೀಡ್‌ವೇ ಎಂಬ ಕಾರು ಓಟದಂಗಳಕ್ಕೆ 2021ರ ರಾಜ್ಯ ಬಜೆಟ್ಟಿನಲ್ಲಿ 1.8 ಕೋಟಿ ಡಾಲರ್ ಕೊಟ್ಟದ್ದು ಸರಿಯೇ? ಗಾಣದೆತ್ತಿನಂತೆ ಸುತ್ತಿದಲ್ಲೇ ಸುತ್ತುವ ಕಾರುಗಳಿಗೆ ಎಂಥ ಚರಿತ್ರೆ?

ಮೊದಲ ಪ್ರಶ್ನೆಯಲ್ಲಿ ನ್ಯಾಯವಿದೆ. ಕೋವಿಡ್ ಪರಿಹಾರದ ಹಣ ಖಾಸಗಿ ಕಂಪನಿಯ ಸೊತ್ತಿಗೆ ಹರಿದರೆ ತೆರಿಗೆ ಕಟ್ಟುವವರು ಕೇಳಲೇಬೇಕು. ಆದರೆ ಎರಡನೆಯದನ್ನು ನಿಮ್ಮಂಥ ಬಲ್ಲವರು ಬರೆದರಲ್ಲ ಎಂದು ಬೇಸರವಾಯಿತು.

ಎನಾಕ್ ಸ್ಟೇಲಿ ಮತ್ತು ಅವರ ಪಾಲುದಾರರು 1500 ಡಾಲರ್ ಕೂಡಿಸಿಕೊಂಡು ಈ ಓಟದಂಗಳ ಕಟ್ಟುವ ಕೆಲಸ ಹಿಡಿದರು. ನೆಲ ಸಮತಟ್ಟಾಗುವ ಮೊದಲೇ ಹಣ ಮುಗಿಯಿತು. ಹಾಗಾಗಿ ಒಂದು ಮೈಲಿಯ ಐದೆಂಟನೇ ಭಾಗದಷ್ಟು ಉದ್ದದ ಆ ಅಂಡಾಕಾರದ ದಾರಿಯಲ್ಲಿ ಮುಂದಿನ ನೇರ ಹಾದಿ ಇಳಿಜಾರು, ಹಿಂದಿನದು ಏರು. 1947ರ ಮೇ 18ರ ಮೊದಲ ಸ್ಪರ್ಧೆಗೆ ಮೂರು ಸಾವಿರ ಮಂದಿ ಬಂದಾರೆಂದು ಕಾದಿದ್ದರೆ ಹತ್ತು ಸಾವಿರ ಜನ ನೆರೆದರು. ಆಗ ಅಮೆರಿಕದ ಕಾರು ಓಟಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯಿನ್ನೂ ಹುಟ್ಟಿರಲಿಲ್ಲ.

ಅಷ್ಟು ಜನ ಬಂದದ್ದೇಕೆಂದು ತಿಳಿಯಲು ಆ ಬೆಟ್ಟಗಳ ಕಳ್ಳಭಟ್ಟಿಯ ಕಥೆ ಗೊತ್ತಿರಬೇಕು. ಮೆಕ್ಕೆಜೋಳದ ಸಾರಾಯಿಯನ್ನು ರಾತ್ರೋರಾತ್ರಿ ಸಾಗಿಸುವ ಕಾರು ಹೊರಗಿನಿಂದ ಸಾಧುವಾಗಿ ಕಾಣಬೇಕು, ಒಳಗೆ ಎಂಜಿನ್ ಜೋರಾಗಿರಬೇಕು, ಭಾರ ಹೇರಿದಾಗ ಹಿಂಬದಿ ಕುಸಿಯದಂತೆ ಗಟ್ಟಿ ಸ್ಪ್ರಿಂಗ್ ಹಾಕಿರಬೇಕು. ಪೊಲೀಸರಿಂದ ತಪ್ಪಿಸಿಕೊಳ್ಳುವ ಆ ವಿದ್ಯೆಯೇ ಹಗಲಿನಲ್ಲಿ ಆಟವಾಯಿತು. ಅದೇ ಕೌಂಟಿಯ ಜೂನಿಯರ್ ಜಾನ್ಸನ್ ತಂದೆಯ ಭಟ್ಟಿಯ ಬಳಿ 1956ರಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ನಾಸ್ಕಾರ್‌ನಲ್ಲಿ ಒಟ್ಟು 50 ಸ್ಪರ್ಧೆ ಗೆದ್ದರು. 1986ರಲ್ಲಿ ಅಧ್ಯಕ್ಷ ರೇಗನ್ ಅವರಿಂದ ಕ್ಷಮಾದಾನ ಪಡೆದರು. ಇದು ಚರಿತ್ರೆಯಲ್ಲದಿದ್ದರೆ ನಮ್ಮ ಎಷ್ಟೋ ವೀರಗಲ್ಲುಗಳನ್ನೂ ಬದಿಗಿಡಬೇಕಾದೀತು.

1995ರಲ್ಲಿ ಸ್ಟೇಲಿ ತೀರಿಕೊಂಡರು. ವರ್ಷ ಕಳೆಯುವುದರೊಳಗೆ ಬ್ರೂಟನ್ ಸ್ಮಿತ್ ಮತ್ತು ಬಾಬ್ ಬಾರಿ ಎಂಬ ಇಬ್ಬರು ಉದ್ಯಮಿಗಳು ಓಟದಂಗಳವನ್ನು ಅರ್ಧರ್ಧ ಕೊಂಡರು. ಅವರಿಗೆ ಬೇಕಾದದ್ದು ನೆಲವಲ್ಲ, ಅಲ್ಲಿ ನಡೆಯುತ್ತಿದ್ದ ವರ್ಷಕ್ಕೆರಡು ನಾಸ್ಕಾರ್ ಸ್ಪರ್ಧೆಯ ತಾರೀಖು. 1996ರ ಸೆಪ್ಟೆಂಬರ್ 29ರಂದು ಜೆಫ್ ಗಾರ್ಡನ್ ಗೆದ್ದ ಮೇಲೆ ಬಾಗಿಲು ಮುಚ್ಚಿತು; ಒಂದು ತಾರೀಖು ಟೆಕ್ಸಾಸ್‌ಗೆ, ಇನ್ನೊಂದು ನ್ಯೂ ಹ್ಯಾಂಪ್‌ಶೈರ್‌ಗೆ ಹೋಯಿತು. ಊರಿನ ಜಾತ್ರೆಯ ದಿನವನ್ನೇ ಯಾರೋ ಕ್ರಯಕ್ಕೆ ಕೊಂಡು, ತೇರನ್ನು ಬಯಲಲ್ಲಿ ಬಿಟ್ಟು, ಪರಊರಲ್ಲಿ ಜಾತ್ರೆ ನಡೆಸಿದಂತೆ ಇದು. ಕೌಂಟಿಯ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಟ ಆಡುವವರದು, ನೋಡುವವರದು ಎಂದು ಭಾಷಣ ಬಿಗಿಯುವವರು ಎಲ್ಲ ದೇಶದಲ್ಲೂ ಇದ್ದಾರೆ. ಕ್ರಯಪತ್ರದಲ್ಲಿ ಮಾತ್ರ ಆಡುವವರ ಹೆಸರೂ ಇರುವುದಿಲ್ಲ, ನೋಡುವವರ ಹೆಸರೂ ಇರುವುದಿಲ್ಲ.

ಆ ಪಾಳುಕಾಲದಲ್ಲಿ ನಾನೊಮ್ಮೆ ಅಕ್ಕನ ಮಗನೊಡನೆ 421ನೇ ಹೆದ್ದಾರಿಯಲ್ಲಿ ಹೋಗುತ್ತಾ ಅಲ್ಲಿ ಕಾರು ನಿಲ್ಲಿಸಿದ್ದೆ. ತಂತಿಬೇಲಿಗೆ ಮುಖವಿಟ್ಟು ನೋಡಿದರೆ ಡಾಂಬರಿನ ಸೀಳುಗಳಲ್ಲಿ ಮೊಣಕಾಲೆತ್ತರದ ಕಳೆ, ಗ್ಯಾಲರಿಯ ಹಲಗೆಗಳಲ್ಲಿ ಎದ್ದ ಬಣ್ಣದ ಹಕ್ಕಳೆ. “ಇಲ್ಲೇನಿದೆ ಮಾವ, ಹೊರಡೋಣ” ಎಂದು ಹುಡುಗ ಅವಸರಿಸಿದ. ನಿಮ್ಮ ಪತ್ರ ಓದುವಾಗ ಅವನ ದನಿಯೇ ಕೇಳಿದಂತಾಯಿತು.

ಕಳೆ ತೆಗೆಸಿದ್ದು ಸರ್ಕಾರವಲ್ಲ. 2019ರ ಡಿಸೆಂಬರ್‌ನಲ್ಲಿ ನಾಸ್ಕಾರ್‌ನ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಒಂದಷ್ಟು ಜನರನ್ನು ಕಟ್ಟಿಕೊಂಡು ಬಂದು, ಕಂಪ್ಯೂಟರ್ ಆಟಕ್ಕಾಗಿ ಲೇಸರ್ ಅಳತೆ ತೆಗೆಯಲೆಂದು ದಾರಿ ಶುಚಿ ಮಾಡಿದರು. ಜೂನಿಯರ್ ಜಾನ್ಸನ್ ಕಣ್ಣು ಮುಚ್ಚಿದ್ದೂ ಅದೇ ತಿಂಗಳು. ನೀವು ಆಕ್ಷೇಪಿಸುವ ಹಣ ಬಂದದ್ದು ಆಮೇಲೆ. 2023ರ ಮೇ 21ರಂದು ಅಲ್ಲಿ ನಾಸ್ಕಾರ್‌ನ ಆಲ್‌ಸ್ಟಾರ್ ಸ್ಪರ್ಧೆ ನಡೆದು ಕೈಲ್ ಲಾರ್ಸನ್ ಗೆದ್ದಾಗ ಚಕ್ರದಡಿಯಲ್ಲಿದ್ದದ್ದು 1981ರ ಸವೆದ ಡಾಂಬರೇ.

ಶಾರ್ಲೆಟ್‌ನಿಂದ ಅಲ್ಲಿಗೆ ಅರ್ಧ ದಿನದ ಪ್ರಯಾಣವೂ ಅಲ್ಲ. ಒಮ್ಮೆ ಹೋಗಿ, ಮೂರನೆಯ ತಿರುವಿನ ಬಳಿ ಕುಳಿತು, ಸ್ಟೇಲಿಯವರ ದುಡ್ಡು ಸಾಲದೆ ಉಳಿದ ಆ ಏರನ್ನು ಕಾರುಗಳು ಹತ್ತಿ ಬರುವುದನ್ನು ನೋಡಿ, ಆಮೇಲೆ ಇನ್ನೊಂದು ಪತ್ರ ಬರೆಯಿರಿ. ಅದನ್ನೂ ಅಚ್ಚು ಹಾಕುತ್ತೇವೆ.