ಮಗಳಿಗೆ ನಕ್ಷತ್ರ ಆಮೆ ಕೊಡಿಸಬಹುದಾ? ಆಮೆ ಸಾಕಿ ಸಿಕ್ಕಿಹಾಕಿಕೊಂಡವನ ಉತ್ತರ

ನಿಮ್ಮ ಪ್ರಶ್ನೆ ಇಷ್ಟು: ಹನ್ನೆರಡು ವರ್ಷದ ಮಗಳು ಹುಟ್ಟುಹಬ್ಬಕ್ಕೆ ನಕ್ಷತ್ರ ಆಮೆ ಬೇಕು ಅಂತ ಹಠ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿ ನಿಮ್ಮ ಮನೆ ಹತ್ತಿರದ ಅಕ್ವೇರಿಯಂ ಅಂಗಡಿಯವನು "ತರಿಸಿ ಕೊಡ್ತೀನಿ, ಪೇಪರ್ ಎಲ್ಲಾ ಇದೆ" ಅಂದಿದ್ದಾನೆ. ಅದು ಬೇಡ ಅಂದರೆ ಫಾರಿನ್ ಆಮೆ ಇದೆ, ಬಾಲ್ ಪೈಥಾನ್ ಅನ್ನುವ ಹಾವಿದೆ ಅಂತಾನೆ. ಆಮೆ ಮನೆಗೆ ಬಂದರೆ ಒಳ್ಳೆಯದಾಗುತ್ತೆ ಅಂತ ನಿಮ್ಮ ಅಮ್ಮನೂ ಹೇಳುತ್ತಿದ್ದಾರೆ. ತರಬಹುದಾ ಅಂತ ಕೇಳಿದ್ದೀರಿ.

ನಕ್ಷತ್ರ ಆಮೆ ತರಬೇಡಿ. ಇದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ. ಅದು ನಮ್ಮ ದೇಶದ ಕಾಡುಪ್ರಾಣಿ. 2022ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿ ಆದ ಮೇಲೆ ಅದು ಹುಲಿ, ಆನೆಗಳ ಜೊತೆ ಮೊದಲನೇ ಶೆಡ್ಯೂಲಿನಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿ. ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ಕಡಿಮೆ ಅಂದರೂ 25 ಸಾವಿರ ದಂಡ. ಅದನ್ನು ಅಂಗಡಿಯಲ್ಲಿ ಮಾರುವುದಕ್ಕೆ ಯಾರಿಗೂ ಯಾವ ಪೇಪರೂ ಕೊಡುವುದಿಲ್ಲ. ಹಾಗಾಗಿ ಅವನ ಹತ್ತಿರ "ಇದೆ" ಅನ್ನುವ ಪೇಪರ್ ಬೇರೆ ಯಾವುದೋ ಪ್ರಾಣಿಯದ್ದಿರಬೇಕು, ಇಲ್ಲವೇ ಸುಮ್ನೆ ಒಂದು ಜೆರಾಕ್ಸ್ ಇರಬೇಕು. ಗಿಳಿ ಕಥೆಯೂ ಇದೇ. ಮಾವಿನ ಮರಕ್ಕೆ ಬರುವ ನಮ್ಮ ಹಸಿರು ಗಿಳಿಯನ್ನು ಪಂಜರದಲ್ಲಿ ಇಡುವ ಹಾಗಿಲ್ಲ, ಎಷ್ಟೋ ಮನೆಗಳಲ್ಲಿ ಇಟ್ಟಿದ್ದಾರೆ ಅನ್ನುವುದು ಬೇರೆ ಮಾತು.

ಕಾನೂನಿನ ಮಾತು ಅಷ್ಟು ಸಾಕು. ನಾನು ಬರೆಯೋಕೆ ಕೂತಿದ್ದು ಬೇರೆ ಕಾರಣಕ್ಕೆ.

ನಮ್ಮ ತಾಯಿಯ ತವರು ಚಿಂತಾಮಣಿ ಕಡೆ. ಆ ಕಡೆ ಕನ್ನಡ ತೆಲುಗು ಎರಡೂ ಕಲಸಿಕೊಂಡಿರುತ್ತೆ, ಅಜ್ಜಿ ಆಮೆಗೆ "ತಾಬೇಲು" ಅಂತಲೇ ಅನ್ನುತ್ತಿದ್ದರು. ಒಂದೆರಡು ಮಳೆ ಬಿದ್ದ ಮೇಲೆ ಕಡಲೆಕಾಯಿ ಹೊಲದ ಬದುವಿನ ಹುಲ್ಲಿನಲ್ಲಿ ಇವು ಕಾಣಿಸುತ್ತಿದ್ದವು. ಕಾಣಿಸುತ್ತಿದ್ದವು ಅಂದರೆ, ಹುಡುಕಿದರೆ. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಅಷ್ಟು ಚೆಂದ ಕಾಣುವ, ಚಿಪ್ಪಿನ ಮೇಲೆ ನಕ್ಷತ್ರದ ಹಾಗೆ ಹರಡಿರುವ ಆ ಹಳದಿ ಗೆರೆಗಳು ಒಣಹುಲ್ಲಿನ ನೆರಳಲ್ಲಿ ಎಷ್ಟು ಚೆನ್ನಾಗಿ ಸೇರಿಕೊಳ್ಳುತ್ತವೆ ಅಂದರೆ, ಕಾಲಿಗೆ ತಾಗುವವರೆಗೂ ಅಲ್ಲೊಂದು ಪ್ರಾಣಿ ಇದೆ ಅಂತ ಗೊತ್ತಾಗುತ್ತಿರಲಿಲ್ಲ. ಅಡಗಿಕೊಳ್ಳೋಕೆ ಅಂತ ಇರುವ ಬಣ್ಣವೇ ಅದಕ್ಕೆ ಬೆಲೆ ತಂದಿತು ನೋಡಿ. ನಾವು ಮಕ್ಕಳು ಬಕೆಟ್ಟಿನಲ್ಲಿ ಹಾಕಿಕೊಂಡು ಒಂದು ಮಧ್ಯಾಹ್ನ ಆಟ ಆಡಿ, ಅಜ್ಜಿ ಬೈದ ಮೇಲೆ ಅದೇ ಬದುವಿಗೆ ಬಿಟ್ಟು ಬರುತ್ತಿದ್ದೆವು. ಆಮೇಲೊಂದು ವರ್ಷ ಬೈಕಿನಲ್ಲಿ ಒಬ್ಬ ಬರೋಕೆ ಶುರು ಮಾಡಿದ. ಒಂದು ಆಮೆಗೆ ಕೈಗೆ ಇಪ್ಪತ್ತೋ ಮೂವತ್ತೋ ರೂಪಾಯಿ. ದನ ಕಾಯುವ ಹುಡುಗರಿಗೆ ಅದು ದೊಡ್ಡ ದುಡ್ಡು. ಈಗ ಮಾವನನ್ನು ಕೇಳಿದರೆ "ಎಲ್ಲಪ್ಪ, ನೋಡಿ ಎಷ್ಟು ವರ್ಷ ಆಯ್ತೋ" ಅನ್ನುತ್ತಾನೆ.

ಇದು ನಮ್ಮ ಒಂದು ಊರಿನ ಕಥೆ ಅಂದುಕೊಳ್ಳಬೇಡಿ. 2015ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ನಮ್ಮ ದೇಶದ ಒಂದೇ ಒಂದು ವ್ಯಾಪಾರದ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55 ಸಾವಿರ ನಕ್ಷತ್ರ ಆಮೆಗಳು ಹೋಗುತ್ತಿದ್ದವು. ವಿಮಾನದಲ್ಲಿ ಹೋಗುವವು ಬಟ್ಟೆಯಲ್ಲೋ ಕಾಲುಚೀಲದಲ್ಲೋ ಸುತ್ತಿ, ಕಾಲು ತಲೆ ಹೊರಗೆ ಬರದ ಹಾಗೆ ಟೇಪ್ ಹಾಕಿ, ಸೂಟ್‌ಕೇಸಿನಲ್ಲಿ ಬಟ್ಟೆಗಳ ಮಧ್ಯೆ ಹೋಗುತ್ತವೆ. ಥಾಯ್ಲೆಂಡ್, ಚೀನಾ ಕಡೆ ಅವಕ್ಕೆ ಬೇಡಿಕೆ. ಈ ಆಮೆ ಸದ್ದು ಮಾಡುವುದಿಲ್ಲ, ಕಚ್ಚುವುದಿಲ್ಲ, ಅನ್ನ ನೀರು ಇಲ್ಲದೆ ಕೆಲವು ದಿನ ತಡೆದುಕೊಳ್ಳುತ್ತೆ. ಕಳ್ಳಸಾಗಣೆಯವರಿಗೆ ಇದಕ್ಕಿಂತ ಅನುಕೂಲದ ಪ್ರಾಣಿ ಇಲ್ಲ. 2019ರಲ್ಲಿ ಜಿನೀವಾದಲ್ಲಿ ನಡೆದ ಸೈಟ್ಸ್ (ಕಾಡಿನ ಪ್ರಾಣಿ, ಗಿಡಗಳನ್ನು ದೇಶ ದೇಶಗಳ ನಡುವೆ ಮಾರುವುದಕ್ಕೆ ಕಡಿವಾಣ ಹಾಕುವ) ಒಪ್ಪಂದದ ಸಭೆಯಲ್ಲಿ ಇದನ್ನು ಮೊದಲನೇ ಪಟ್ಟಿಗೆ ಹಾಕಿದರು, ಅಂದರೆ ಕಾಡಿನಿಂದ ಹಿಡಿದದ್ದನ್ನು ದೇಶ ದೇಶಗಳ ನಡುವೆ ಮಾರುವುದು ಪೂರ್ತಿ ಬಂದ್.

ಈಗ ನಿಮಗೆ ಅನ್ನಿಸಬಹುದು, ಸಿಕ್ಕಿದ ಆಮೆಗಳನ್ನು ಮತ್ತೆ ಹೊಲಕ್ಕೆ ಬಿಟ್ಟರಾಯಿತಲ್ಲ ಅಂತ. ನನಗೂ ಹಾಗೇ ಅನ್ನಿಸಿತ್ತು. 2018ರಲ್ಲಿ ಸಿಂಗಪುರದಲ್ಲಿ ಸಿಕ್ಕಿದ್ದ 51 ನಕ್ಷತ್ರ ಆಮೆಗಳನ್ನು ಬೆಂಗಳೂರಿಗೆ ವಾಪಸ್ ತಂದಾಗ ಪೇಪರಿನಲ್ಲಿ ಓದಿ ಖುಷಿಪಟ್ಟಿದ್ದೆ. ಆದರೆ ಅವನ್ನು ವಿಮಾನದಿಂದ ಇಳಿಸಿ ನೇರ ಕಾಡಿಗೆ ಬಿಡೋಕೆ ಆಗುವುದಿಲ್ಲ, ಮೊದಲು ಬೇರೆ ಇಟ್ಟು ನೋಡಬೇಕು. ನೂರಾರು ಆಮೆ ಒಂದೇ ಡಬ್ಬದಲ್ಲಿ ಇದ್ದಾಗ ಉಸಿರಾಟದ ಕಾಯಿಲೆ ಒಂದರಿಂದ ಒಂದಕ್ಕೆ ಹಬ್ಬಿರುತ್ತೆ. ಅದನ್ನು ಹೊತ್ತುಕೊಂಡು ಹೋಗಿ ಕಾಡಿನ ಆಮೆಗಳಿಗೆ ಅಂಟಿಸುವುದು ಬೇಡ ಅಲ್ವಾ. ಇನ್ನೊಂದು ತೊಂದರೆ ಇದೆ. ರಾಜಸ್ಥಾನ-ಗುಜರಾತ್ ಕಡೆಯ ಆಮೆ ಬೇರೆ, ನಮ್ಮ ದಕ್ಷಿಣದ್ದು ಬೇರೆ, ಶ್ರೀಲಂಕಾದ್ದು ಇನ್ನೂ ಬೇರೆ. ಹೆಸರು ಒಂದೇ ಆದರೂ ತಳಿಯಲ್ಲಿ ವ್ಯತ್ಯಾಸ ಇದೆ. ವ್ಯಾಪಾರದಲ್ಲಿ ಎಲ್ಲಾ ಕಲಸಿ ಹೋಗಿರುತ್ತೆ, ಯಾವುದು ಯಾವ ಊರಿನದು ಅಂತ ಆಮೆ ಹೇಳುವುದಿಲ್ಲ. ಚಿಂತಾಮಣಿಯ ಬದುವಿನಿಂದ ಮೂವತ್ತು ರೂಪಾಯಿಗೆ ಹೋದ ಆಮೆಗೆ ಅದೇ ಬದುವಿಗೆ ವಾಪಸ್ ಬರುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತೆ.

ಸರಿ, ಫಾರಿನ್ ಆಮೆ. ನಿಮ್ಮ ಅಂಗಡಿಯವನು ಹೇಳಿದ್ದು ಹೆಚ್ಚಾಗಿ ರೆಡ್ ಇಯರ್ಡ್ ಸ್ಲೈಡರ್ ಇರುತ್ತೆ, ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ ಹಸಿರು ನೀರಾಮೆ. ಇದರ ವಿಷಯದಲ್ಲಿ ನಾನು ಬುದ್ಧಿ ಹೇಳುವವನಲ್ಲ, ಪೆಟ್ಟು ತಿಂದವನು.

ಹದಿಮೂರು ವರ್ಷದ ಹಿಂದೆ ಎರಡು ತಂದೆ. ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. "ಎಷ್ಟು ದೊಡ್ಡದಾಗುತ್ತೆ?" ಅಂತ ಕೇಳಿದ್ದಕ್ಕೆ ಅಂಗಡಿಯವನು "ಇಷ್ಟೇ ಸರ್, ಟ್ಯಾಂಕ್ ಎಷ್ಟಿರುತ್ತೋ ಅಷ್ಟೇ ಬೆಳೆಯೋದು" ಅಂದ. ಹಸಿ ಸುಳ್ಳು, ನಾನು ನಂಬಿದೆ. ಪ್ಲಾಸ್ಟಿಕ್ ತೆಂಗಿನಮರ ಇರುವ ಒಂದು ತೊಟ್ಟಿ, ಒಣ ಸೀಗಡಿಯ ಡಬ್ಬ, ಮುಗಿಯಿತು. ಐದು ತಿಂಗಳಿಗೆ ಒಂದರ ಕಣ್ಣು ಊದಿಕೊಂಡು ಮುಚ್ಚಿಹೋಯಿತು, ಚಿಪ್ಪು ಒತ್ತಿದರೆ ಮೆತ್ತಗೆ. ಹತ್ತಿರದ ನಾಯಿ ಡಾಕ್ಟರ ಹತ್ತಿರ ಒಯ್ದರೆ ಪಾಪ ಅವರು ನೇರವಾಗಿ ಹೇಳಿದರು, ನಾನು ಕಾಲೇಜಿನಲ್ಲಿ ಓದಿದ್ದು ಹಸು, ನಾಯಿ, ಕೋಳಿ, ಇದು ನನಗೆ ಗೊತ್ತಿಲ್ಲ ಅಂತ. ನಾಲ್ಕು ದಿನದಲ್ಲಿ ಅದು ಸತ್ತಿತು. ಆಮೇಲೆ ಓದಿ ತಿಳಿದುಕೊಂಡೆ. ಕಣ್ಣು ಊದುವುದು ವಿಟಮಿನ್ ಎ ಕೊರತೆಯಿಂದ. ಚಿಪ್ಪು ಮೆತ್ತಗಾಗುವುದು ಬಿಸಿಲಿನ ಯುವಿಬಿ ಕಿರಣ ಮತ್ತು ಕ್ಯಾಲ್ಸಿಯಂ ಇಲ್ಲದೆ. ಕಿಟಕಿ ಗಾಜಿನ ಒಳಗೆ ಬರುವ ಬಿಸಿಲಿನಲ್ಲಿ ಯುವಿಬಿ ಇರುವುದಿಲ್ಲ, ಗಾಜು ತಡೆದುಬಿಡುತ್ತೆ. ನಾನು ದಿನಾ ತೊಟ್ಟಿಯನ್ನು ಎತ್ತಿ ಕಿಟಕಿ ಹತ್ತಿರ ಇಡುತ್ತಿದ್ದೆ, ಏನೋ ದೊಡ್ಡ ಸೇವೆ ಮಾಡುತ್ತಿದ್ದೇನೆ ಅಂತ.

ಬದುಕಿದ್ದು ಹೆಣ್ಣು. ಇವತ್ತು ಊಟದ ತಟ್ಟೆಯಷ್ಟಿದೆ. ನೂರು ಲೀಟರ್ ನೀರು, ಫಿಲ್ಟರ್, ಯುವಿ ಬಲ್ಬು, ಮೈ ಕಾಯಿಸಿಕೊಳ್ಳೋಕೆ ಒಂದು ಕಲ್ಲು. ನೀರು ಎರಡು ದಿನ ಬದಲಾಯಿಸದೆ ಬಿಟ್ಟರೆ ಮೀನು ಮಾರ್ಕೆಟ್ ವಾಸನೆ. ಇವು ಮೂವತ್ತು ವರ್ಷ ಬದುಕುವುದು ಏನೂ ದೊಡ್ಡದಲ್ಲ. ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೇರೆ ಇರುತ್ತೆ. ಮಕ್ಕಳು ಇದನ್ನು ಮುಟ್ಟಿ ಕೈ ಬಾಯಿಗೆ ಹಾಕಿ ಕಾಯಿಲೆ ಬೀಳುತ್ತಾರೆ ಅಂತಲೇ ಅಮೆರಿಕದಲ್ಲಿ, ಅದರ ಸ್ವಂತ ದೇಶದಲ್ಲಿ, ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದ್ದಾರೆ. ಇಲ್ಲಿ ಅದೇ ಮರಿಯನ್ನು ವಾಸ್ತು ಅಂತ ಹೇಳಿ ಮಾರುತ್ತಾರೆ. ನಿಮ್ಮ ಅಮ್ಮನಿಗೆ ಬೇಜಾರು ಮಾಡಬೇಡಿ, ದೇವರ ಮನೆಯಲ್ಲಿ ಹಿತ್ತಾಳೆ ಆಮೆ ಇಟ್ಟರೂ ಕೂರ್ಮಾವತಾರವೇ.

ನಾಲ್ಕನೇ ವರ್ಷಕ್ಕೆ ನನಗೆ ಸಾಕಾಯಿತು, ಒಪ್ಪಿಕೊಳ್ಳುತ್ತೇನೆ. ಪ್ರಾಣಿ ರಕ್ಷಣೆ ಮಾಡುವ ಎರಡು ಕಡೆ ಫೋನ್ ಮಾಡಿದೆ. ಸ್ಲೈಡರ್ ಅಂದ ತಕ್ಷಣ "ಜಾಗ ಇಲ್ಲ" ಅಂದರು, ಬೇಜಾರಿನಿಂದಲೇ ಅಂದರು. ಪಕ್ಕದ ಮನೆಯವರು "ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ" ಅಂದರು. ಒಂದು ಭಾನುವಾರ ಬೆಳಿಗ್ಗೆ ಬಕೆಟ್ಟಿನಲ್ಲಿ ಹಾಕಿಕೊಂಡು, ಮೇಲೆ ಟವೆಲ್ ಮುಚ್ಚಿಕೊಂಡು, ಕಳ್ಳನ ಹಾಗೆ ಹೋದೆ. ಕೆರೆ ಏರಿಯ ಮೇಲೆ ನಿಂತು ನೋಡಿದರೆ ನೀರಿನ ಅಂಚಿನ ಕಲ್ಲಿನ ಮೇಲೆ ಆಗಲೇ ಐದಾರು ಕೂತಿವೆ, ಎಲ್ಲವಕ್ಕೂ ಕಣ್ಣಿನ ಹಿಂದೆ ಅದೇ ಕೆಂಪು ಪಟ್ಟೆ. ಅಲ್ಲಿ ಕಸ ತೆಗೆಯುತ್ತಿದ್ದ ಒಬ್ಬರು ನನ್ನ ಬಕೆಟ್ ನೋಡಿ, "ನಿಮ್ದೂ ಆಮೇನಾ?" ಅಂದರು, ಅಷ್ಟೇ. ನಾಚಿಕೆಯಾಯಿತು. ಈ ಜಾತಿ ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಮೀನು, ಗಿಡ, ಹುಳ, ಕಪ್ಪೆಮರಿ ಏನು ಸಿಕ್ಕಿದರೂ ತಿನ್ನುತ್ತೆ, ಬಿಸಿಲು ಕಾಯುವ ಕಲ್ಲನ್ನೂ ನಮ್ಮ ಆಮೆಗಳಿಗೆ ಬಿಟ್ಟುಕೊಡುವುದಿಲ್ಲ. ಯುರೋಪಿಯನ್ ಒಕ್ಕೂಟ 1997ರಲ್ಲೇ ಆಮದು ನಿಲ್ಲಿಸಿತು. ಬಕೆಟ್ ಸಮೇತ ಮನೆಗೆ ಬಂದೆ.

ಬಾಲ್ ಪೈಥಾನ್ ಬಗ್ಗೆ ನನಗೆ ಸ್ವಂತ ಅನುಭವ ಇಲ್ಲ, ಗೊತ್ತಿರುವಷ್ಟು ಹೇಳುತ್ತೇನೆ. ಅದು ಪಶ್ಚಿಮ ಆಫ್ರಿಕಾದ ಸಣ್ಣ ಹೆಬ್ಬಾವು. "ಫಾರ್ಮ್‌ನಲ್ಲಿ ಹುಟ್ಟಿದ್ದು ಸರ್, ಕಾಡಿಂದಲ್ಲ" ಅಂತ ಹೇಳೇ ಹೇಳುತ್ತಾನೆ. ಟೋಗೊ, ಘಾನಾ, ಬೆನಿನ್ ದೇಶಗಳಲ್ಲಿ ಫಾರ್ಮ್ ಅಂದರೆ ಎಷ್ಟೋ ಸಲ ಗರ್ಭದ ಹಾವನ್ನೋ ಮೊಟ್ಟೆಯನ್ನೋ ಬಿಲದಿಂದ ಅಗೆದು ತಂದು, ಮರಿಯಾದ ಮೇಲೆ ರಫ್ತು ಮಾಡುವುದು. ಬಣ್ಣ ಬಣ್ಣದ ತಳಿಗಳದ್ದು ಇನ್ನೊಂದು ಕಥೆ. ಸ್ಪೈಡರ್ ಅಂತ ಒಂದು ಬಣ್ಣ ಇದೆ, ನೋಡೋಕೆ ಚೆಂದ, ಆದರೆ ಆ ಬಣ್ಣ ತರುವ ಜೀನ್ ಜೊತೆಗೇ ಕಿವಿಯ ಒಳಗಿನ ದೋಷವೂ ಬರುತ್ತೆ. ತಲೆ ಅಲ್ಲಾಡುತ್ತಲೇ ಇರುತ್ತೆ, ಕೆಲವಕ್ಕೆ ಇಲಿ ಹಿಡಿಯೋಕೂ ಗುರಿ ಸಿಗುವುದಿಲ್ಲ. ಜನ ಅದರ ವಿಡಿಯೋ ಹಾಕಿ "ಡ್ಯಾನ್ಸ್" ಅನ್ನುತ್ತಾರೆ.

ಬೆಂಗಳೂರಿಗೆ ಇವು ಹೇಗೆ ಬರುತ್ತವೆ ಅಂತ ಗೊತ್ತಾಗಬೇಕಾದರೆ ನಮ್ಮ ವಿಮಾನ ನಿಲ್ದಾಣದ ಸುದ್ದಿ ಓದಿದರೆ ಸಾಕು. 2023ರ ಆಗಸ್ಟಿನಲ್ಲಿ ಬ್ಯಾಂಕಾಕ್‌ನಿಂದ ಬಂದ ಒಬ್ಬನ ಟ್ರಾಲಿ ಬ್ಯಾಗಿನಲ್ಲಿ 234 ಪ್ರಾಣಿ. ಹೆಬ್ಬಾವು, ಇಗುವಾನ, ಊಸರವಳ್ಳಿ, ಆಮೆ, ಮೊಸಳೆ ಜಾತಿಯ ಮರಿಗಳು, ಮತ್ತು ಒಂದು ಕಾಂಗರೂ ಮರಿ. ಕಾಂಗರೂ ಉಸಿರುಗಟ್ಟಿ ಸತ್ತಿತ್ತು. ಮುಂದಿನ ತಿಂಗಳೇ ಯಾರೂ ತೆಗೆದುಕೊಳ್ಳದೆ ಬಿಟ್ಟಿದ್ದ ಲಗೇಜಿನಲ್ಲಿ 78 ಪ್ರಾಣಿ: 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಆರು ಕ್ಯಾಪುಚಿನ್ ಕೋತಿ. ಆರು ಕೋತಿಗಳೂ ಸತ್ತಿದ್ದವು. ಕಾಳಿಂಗಕ್ಕೇ ಹೆಸರಾದ ಆಗುಂಬೆ ಇರುವ ರಾಜ್ಯಕ್ಕೆ ಬ್ಯಾಂಕಾಕ್‌ನಿಂದ ಕಾಳಿಂಗ ಬರುತ್ತೆ ಅಂದರೆ ನಗಬೇಕೋ ಅಳಬೇಕೋ. 2024ರ ಏಪ್ರಿಲ್‌ನಲ್ಲಿ ಇನ್ನೊಬ್ಬನ ಬ್ಯಾಗಿನಲ್ಲಿ ಹತ್ತು ಹಳದಿ ಅನಕೊಂಡ. ಇವು ಸಿಕ್ಕಿದವು. ಸಿಗದೆ ದಾಟಿದವು ಯಾವುದೋ ಅಂಗಡಿಯ ಹಿಂದಿನ ರೂಮಿಗೆ ಹೋಗಿರುತ್ತವೆ, ಅಲ್ಲಿಂದ ವಾಟ್ಸಾಪ್ ಗುಂಪಿಗೆ.

ಪೇಪರ್ ವಿಷಯ ಒಂದು ಹೇಳಿಬಿಡುತ್ತೇನೆ, ಅಂಗಡಿಯವರು ಇದರಲ್ಲೇ ಜಾಸ್ತಿ ಗೊಂದಲ ಮಾಡೋದು. 2020ರಲ್ಲಿ ಕೇಂದ್ರ ಸರ್ಕಾರ ಒಂದು ಅವಕಾಶ ಕೊಟ್ಟಿತ್ತು. ವಿದೇಶಿ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ತಾವಾಗಿ ಹೇಳಿಕೊಂಡರೆ ಎಲ್ಲಿಂದ ತಂದಿರಿ ಅಂತ ದಾಖಲೆ ಕೇಳುವುದಿಲ್ಲ ಅಂತ. ಎಷ್ಟೋ ಸಾವಿರ ಜನ ಹೇಳಿಕೊಂಡರು. ಅದೇ ಹಳೇ ಪತ್ರದ ಕಾಪಿ ತೋರಿಸಿ ನಿನ್ನೆ ಬಂದ ಹಾವನ್ನು ಮಾರುವವರಿದ್ದಾರೆ. ಈಗ ನಿಯಮ ಬೇರೆ. ಸೈಟ್ಸ್ ಪಟ್ಟಿಯಲ್ಲಿರುವ ಪ್ರಾಣಿ ಯಾರ ಹತ್ತಿರ ಇದ್ದರೂ 2024ರ ನಿಯಮದ ಪ್ರಕಾರ ಪರಿವೇಶ್ ಅನ್ನುವ ಕೇಂದ್ರ ಪರಿಸರ ಸಚಿವಾಲಯದ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು, ಮರಿ ಹಾಕಿದರೆ, ಸತ್ತರೆ, ಕೈ ಬದಲಾದರೆ ಅದನ್ನೂ ತಿಳಿಸಬೇಕು. ಅಂಗಡಿಯವನನ್ನು "ಆ ನೋಂದಣಿ ನಿಮ್ಮ ಹೆಸರಲ್ಲಿದೆಯಾ, ನನ್ನ ಹೆಸರಿಗೆ ಮಾಡಿಸಿ ಕೊಡ್ತೀರಾ?" ಅಂತ ಒಂದು ಸಲ ಕೇಳಿ ನೋಡಿ. ಮುಖ ನೋಡಿದರೆ ಗೊತ್ತಾಗುತ್ತೆ.

ಇನ್ನು ಮಗಳು. ಅವಳಿಗೆ ನಕ್ಷತ್ರ ಆಮೆ ಇಷ್ಟ ಅನ್ನುವುದು ತಪ್ಪಲ್ಲ, ನನಗೂ ಇಷ್ಟ. ಆಮೆ ಅಂಗಡಿಗೆ ಹೇಗೆ ಬರುತ್ತೆ ಅನ್ನುವುದನ್ನು ಅವಳಿಗೆ ಒಂದು ಸಲ ಪೂರ್ತಿ ಹೇಳಿ, ಬೈಕಿನವನು, ಟೇಪು, ಸೂಟ್‌ಕೇಸು ಎಲ್ಲಾ ಸೇರಿಸಿ. ಹನ್ನೆರಡು ವರ್ಷದವರಿಗೆ ಇದು ಅರ್ಥವಾಗುತ್ತೆ, ನಮಗಿಂತ ಬೇಗ ಅರ್ಥವಾಗುತ್ತೆ. ಏನಾದರೂ ಸಾಕಲೇಬೇಕು ಅಂದರೆ ಬೀದಿಯಲ್ಲಿ ಹುಟ್ಟಿದ ನಾಯಿಮರಿ ಬೇಕಾದಷ್ಟಿವೆ, ಡಾಕ್ಟರೂ ಪ್ರತಿ ಬಡಾವಣೆಯಲ್ಲಿ ಸಿಗುತ್ತಾರೆ. ಅಡ್ವಾನ್ಸ್ ಏನಾದರೂ ಕೊಟ್ಟಿದ್ದರೆ ಹೋಗಲಿ ಬಿಡಿ, ಕೇಳೋಕೂ ಹೋಗಬೇಡಿ. ಆದರೆ ಆ ಅಂಗಡಿಯಲ್ಲಿ ನಕ್ಷತ್ರ ಆಮೆ ಸಿಗುತ್ತೆ ಅನ್ನುವುದನ್ನು ಅರಣ್ಯ ಇಲಾಖೆಯವರಿಗೆ ತಿಳಿಸಿ.

ನನ್ನ ಆಮೆ ಇನ್ನೂ ಬಾಲ್ಕನಿಯಲ್ಲೇ ಇದೆ. ಅದರ ಕೊಳಕು ನೀರಿಗೆ ಕರಿಬೇವು ಚೆನ್ನಾಗಿ ಬಂದಿದೆ. ಬರುವ ತಿಂಗಳು ನಾವು ಬಾಡಿಗೆ ಮನೆ ಬದಲಾಯಿಸಬೇಕು. ಹೊಸ ಓನರ್ ಸಸ್ಯಾಹಾರಿಗಳಾ, ಎಷ್ಟು ಜನ, ಗಾಡಿ ಎಷ್ಟು ಅಂತ ಎಲ್ಲಾ ಕೇಳಿದರು, ಸಾಕುಪ್ರಾಣಿ ಇದೆಯಾ ಅಂತ ಮಾತ್ರ ಕೇಳಲಿಲ್ಲ. ನಾನೂ ಇನ್ನೂ ಹೇಳಿಲ್ಲ.