ಅನುಭವವಿರುವಾಗ ಓದೇಕೆ?

ಪ್ರಶ್ನೆ: ಎರಡು ವರ್ಷಗಳ ಹಿಂದಿನವರೆಗೂ ನಾನು ಒಂದು ತಂಡದ ಸದಸ್ಯೆಯಾಗಿದ್ದೆ. ಕೆಲಸದಲ್ಲಿ ಚುರುಕಾಗಿದ್ದೇನೆ ಎಂಬ ಕಾರಣಕ್ಕೆ ಬಡ್ತಿ ಸಿಕ್ಕಿ, ಈಗ ಅದೇ ತಂಡದ ಹನ್ನೊಂದು ಮಂದಿಯನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲಿದೆ. ಗಡುವು, ಲೆಕ್ಕ, ಗುಣಮಟ್ಟದ ವಿಷಯದಲ್ಲಿ ನನಗೆ ತೊಡಕಿಲ್ಲ. ಜನರ ವಿಷಯ ಬಂದಾಗ ಮಾತ್ರ ಕತ್ತಲಲ್ಲಿ ತಡಕಾಡಿದಂತಾಗುತ್ತದೆ. ತಪ್ಪು ತೋರಿಸಿದರೆ ಒಬ್ಬರು ವಾರಗಟ್ಟಲೆ ಮುಖ ಕೊಟ್ಟು ಮಾತನಾಡುವುದಿಲ್ಲ, ಸುಮ್ಮನಿದ್ದರೆ ಇನ್ನೊಬ್ಬರು ‘ಇಲ್ಲಿ ಕೇಳುವವರೇ ಇಲ್ಲ’ ಎನ್ನುತ್ತಾರೆ. ಸಿಬ್ಬಂದಿ ನಿರ್ವಹಣೆ ಮತ್ತು ನಾಯಕತ್ವದ ಬಗ್ಗೆ ಆರು ತಿಂಗಳ ಕೋರ್ಸ್ ಒಂದನ್ನು ಮಾಡಬೇಕೆಂದುಕೊಂಡು, ಸಂಸ್ಥೆಯಿಂದ ಅರ್ಧ ಶುಲ್ಕವನ್ನೂ ತಿಂಗಳಿಗೆ ಎರಡು ದಿನದ ಬಿಡುವನ್ನೂ ಕೇಳಿದೆ. ನನ್ನ ಮ್ಯಾನೇಜರ್ ನಕ್ಕು, ‘ದಡದಲ್ಲಿ ಕೂತು ಈಜು ಕಲಿತವರುಂಟೇನಮ್ಮಾ? ಇಪ್ಪತ್ತು ವರ್ಷದಿಂದ ಜನರನ್ನು ನಡೆಸಿಕೊಂಡು ಬಂದಿದ್ದೇನೆ, ಅದಕ್ಕಾಗಿ ಒಂದು ಪುಟ ಓದಿಲ್ಲ’ ಎಂದರು. ಅವರು ಕೆಟ್ಟವರಲ್ಲ, ಕೆಲಸ ಬಲ್ಲವರು. ಅವರನ್ನು ಒಪ್ಪಿಸುವುದು ಹೇಗೆ?

ಉತ್ತರ: ನಿಮ್ಮ ಮ್ಯಾನೇಜರ್ ಆಡಿದ ಮಾತಿನಲ್ಲಿ ಅರ್ಧ ನಿಜವಿದೆ, ಮೊದಲು ಆ ಅರ್ಧವನ್ನು ಅವರಿಗೆ ಬಿಟ್ಟುಕೊಡಿ. ನಾಯಕತ್ವ ತರಬೇತಿಯ ಹೆಸರಿನಲ್ಲಿ ಮಾರಾಟವಾಗುವ ಸರಕಿನಲ್ಲಿ ಕಾಳಿಗಿಂತ ಜೊಳ್ಳೇ ಹೆಚ್ಚು. ಒಂದು ದಿನ ಸಭಾಂಗಣದಲ್ಲಿ ಕೂರಿಸಿ, ನಾಲ್ಕು ಆಟ ಆಡಿಸಿ, ಪ್ರಮಾಣಪತ್ರ ಕೊಟ್ಟು ಕಳುಹಿಸುವ ಕಾರ್ಯಕ್ರಮಗಳನ್ನು ಇಪ್ಪತ್ತು ವರ್ಷ ನೋಡಿದವರು ‘ಓದು’ ಎಂಬ ಪದ ಕೇಳಿ ನಕ್ಕರೆ ಆಶ್ಚರ್ಯವಿಲ್ಲ. ಇದರ ಜೊತೆಗೆ ಅವರು ಬಾಯಿಬಿಟ್ಟು ಹೇಳದ ಇನ್ನೊಂದು ಸಂಗತಿಯೂ ಇರಬಹುದು. ನೀವು ಕೋರ್ಸ್ ಕೇಳಿದಾಗ ಅವರ ಕಿವಿಗೆ ಬಿದ್ದದ್ದು ‘ನಿಮ್ಮಿಂದ ಕಲಿತದ್ದು ಸಾಲಲಿಲ್ಲ’ ಎಂಬ ಮಾತಾಗಿರಲೂ ಸಾಧ್ಯ. ಆದ್ದರಿಂದ ಅಧ್ಯಯನ ಬೇಕು ಎಂಬ ವಾದವನ್ನು ಅನುಭವದ ವಿರುದ್ಧ ಹೂಡಬೇಡಿ. ಅನುಭವ ಯಾವ ಪಾಠವನ್ನು ಸರಿಯಾಗಿ ಕಲಿಸುತ್ತದೆ, ಯಾವುದನ್ನು ತಪ್ಪಾಗಿ ಕಲಿಸುತ್ತದೆ ಎಂಬ ಕಡೆಗೆ ಮಾತನ್ನು ಒಯ್ಯಿರಿ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಅವರದು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರು ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಹೇಳುತ್ತಾ, ಬೈಗುಳಕ್ಕಿಂತ ಮೆಚ್ಚುಗೆಯೇ ಕಲಿಕೆಗೆ ಹೆಚ್ಚು ಸಹಾಯಕ ಎಂದಾಗ, ಹಿರಿಯ ತರಬೇತುದಾರರೊಬ್ಬರು ಎದ್ದುನಿಂತು ಆಕ್ಷೇಪಿಸಿದರಂತೆ. ಚೆನ್ನಾಗಿ ಹಾರಿಸಿದ ಹುಡುಗನನ್ನು ಹೊಗಳಿದರೆ ಮುಂದಿನ ಸಲ ಅವನು ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಗದರಿದರೆ ಮುಂದಿನ ಸಲ ಸುಧಾರಿಸುತ್ತಾನೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂಬುದು ಅವರ ವಾದ. ಅವರು ಕಂಡದ್ದು ಸುಳ್ಳಲ್ಲ. ಆದರೆ ಯಾರದೇ ಕೆಲಸವೂ ದಿನದಿಂದ ದಿನಕ್ಕೆ ಏರಿಳಿಯುತ್ತಿರುತ್ತದೆ. ಅತಿ ಚೆನ್ನಾಗಿ ಆದ ದಿನದ ಮರುದಿನ ಅದು ತನ್ನ ಸರಾಸರಿಯತ್ತ ಇಳಿಯುತ್ತದೆ, ಅತಿ ಕೆಟ್ಟದಾಗಿ ಆದ ದಿನದ ಮರುದಿನ ಸರಾಸರಿಯತ್ತ ಏರುತ್ತದೆ, ನೀವು ಹೊಗಳಿದರೂ ಸರಿ, ಬೈದರೂ ಸರಿ, ಬಾಯಿ ಮುಚ್ಚಿಕೊಂಡಿದ್ದರೂ ಸರಿ. ಇದನ್ನು ತೋರಿಸಲು ಕಾನೆಮನ್ ಆ ತರಬೇತುದಾರರಿಂದಲೇ ಬೆನ್ನ ಹಿಂದಿನ ಗುರಿಯೊಂದಕ್ಕೆ ಎರಡೆರಡು ಸಲ ನಾಣ್ಯ ಎಸೆಸಿದರು. ಮೊದಲ ಸಲ ಗುರಿಗೆ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ಹಿಂದೆ ಬಿದ್ದರು, ಮೊದಲು ದೂರ ಎಸೆದವರು ಸುಧಾರಿಸಿದರು. ಅಲ್ಲಿ ಯಾರೂ ಯಾರನ್ನೂ ಹೊಗಳಿರಲಿಲ್ಲ, ಬೈದಿರಲಿಲ್ಲ.

ಇಪ್ಪತ್ತು ವರ್ಷ ಜನರನ್ನು ನಡೆಸಿದವರ ಅನುಭವಕ್ಕೆ ಈ ಕಥೆಯಲ್ಲಿ ದೊಡ್ಡ ಎಚ್ಚರಿಕೆಯೊಂದಿದೆ. ಬೈದ ಮರುದಿನ ಕೆಲಸ ಸುಧಾರಿಸಿದ್ದನ್ನು ನೂರು ಸಲ ಕಂಡವರಿಗೆ ಬೈಗುಳದಲ್ಲಿ ನಂಬಿಕೆ ನೂರು ಪಟ್ಟು ಬೆಳೆದಿರುತ್ತದೆ. ಈಜುವವನು ತಪ್ಪಿದರೆ ನೀರು ಆ ಕ್ಷಣವೇ ಮೂಗಿಗೆ ಹೋಗಿ ತಪ್ಪನ್ನು ತಿಳಿಸುತ್ತದೆ. ತಂಡ ನಡೆಸುವವರಿಗೆ ಅಂಥ ನೀರಿಲ್ಲ. ಇಂದು ಆಡಿದ ಒರಟು ಮಾತಿನ ಫಲ ಎಂಟು ತಿಂಗಳ ನಂತರ ರಾಜೀನಾಮೆ ಪತ್ರವಾಗಿ ಬರುತ್ತದೆ, ಅದರಲ್ಲಿಯೂ ‘ವೈಯಕ್ತಿಕ ಕಾರಣ’ ಎಂದಷ್ಟೇ ಬರೆದಿರುತ್ತದೆ. ಫಲ ಇಷ್ಟು ತಡವಾಗಿ, ಇಷ್ಟು ಮಸುಕಾಗಿ ಬರುವ ಕೆಲಸದಲ್ಲಿ ಅನುಭವವೊಂದೇ ಗುರುವಾದರೆ ತಪ್ಪು ಪಾಠವೂ ಗಟ್ಟಿಯಾಗಿ ಕೂರುತ್ತದೆ. ನಿಮ್ಮ ಮ್ಯಾನೇಜರ್ ಎತ್ತಿದ ಈಜಿನ ಹೋಲಿಕೆಗೆ ನೀವು ವಿನಯದಿಂದಲೇ ಕೊಡಬಹುದಾದ ಉತ್ತರ ಇದು.

ನಿಮ್ಮದೇ ತೊಡಕಿಗೆ, ಅಂದರೆ ತಪ್ಪು ತೋರಿಸುವ ಕೆಲಸಕ್ಕೆ ಬರೋಣ. ಫೀಡ್‌ಬ್ಯಾಕ್ ಕೊಟ್ಟಷ್ಟೂ ಕೆಲಸ ಸುಧಾರಿಸುತ್ತದೆ ಎಂಬುದು ಎಲ್ಲರೂ ಒಪ್ಪುವ ಸಾಮಾನ್ಯ ಜ್ಞಾನ. 1996ರಲ್ಲಿ ಅವ್ರಹಾಂ ಕ್ಲೂಗರ್ ಮತ್ತು ಏಂಜಲೊ ಡಿನಿಸಿ ಎಂಬ ಸಂಶೋಧಕರು ಈ ಬಗ್ಗೆ ಅದುವರೆಗೆ ನಡೆದಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ, ಆರುನೂರಕ್ಕೂ ಹೆಚ್ಚು ಫಲಿತಾಂಶಗಳನ್ನು ತೂಗಿ ನೋಡಿದರು. ಸರಾಸರಿಯಲ್ಲಿ ಫೀಡ್‌ಬ್ಯಾಕ್‌ನಿಂದ ಲಾಭವಿತ್ತು. ಆದರೆ ಮೂರರಲ್ಲೊಂದಕ್ಕೂ ಹೆಚ್ಚು ಸಂದರ್ಭಗಳಲ್ಲಿ, ಫೀಡ್‌ಬ್ಯಾಕ್ ಸಿಕ್ಕ ನಂತರ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸದ ಮೇಲಿನಿಂದ ಜಾರಿ ವ್ಯಕ್ತಿಯ ಮೇಲೆ ಬಿದ್ದಷ್ಟೂ, ಅಂದರೆ ‘ಈ ವರದಿಯ ಎರಡನೆಯ ಭಾಗದಲ್ಲಿ ಅಂಕಿಗಳು ತಾಳೆಯಾಗುತ್ತಿಲ್ಲ’ ಎನ್ನುವ ಬದಲು ‘ನೀವು ಯಾವಾಗಲೂ ಅಜಾಗರೂಕರು’ ಎಂಬಂತಾದಷ್ಟೂ, ಅದರ ಪರಿಣಾಮ ಕುಂದುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಮೂರರಲ್ಲೊಂದು ಸಲ ಹಾನಿ ಮಾಡುವ ಯಂತ್ರವನ್ನು ತರಬೇತಿಯಿಲ್ಲದವರ ಕೈಗೆ ಯಾವ ಕಾರ್ಖಾನೆಯೂ ಕೊಡುವುದಿಲ್ಲ. ಫೀಡ್‌ಬ್ಯಾಕನ್ನು ಮಾತ್ರ ಬಡ್ತಿ ಪತ್ರದ ಜೊತೆಗೇ ಕೊಟ್ಟುಬಿಡುತ್ತೇವೆ.

ಇನ್ನೊಂದು ಪ್ರಸಂಗವನ್ನೂ ಹೇಳದಿರಲಾರೆ. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ವಿಭಾಗಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಅದು ಪ್ರಕಟವಾದದ್ದೂ 1996ರಲ್ಲಿಯೇ. ಒಳ್ಳೆಯ ನಾಯಕತ್ವವಿರುವ ತಂಡಗಳಲ್ಲಿ ತಪ್ಪುಗಳು ಕಡಿಮೆಯಿರುತ್ತವೆ ಎಂದು ನಿರೀಕ್ಷಿಸಿದ್ದ ಅವರಿಗೆ, ಅಂಥ ತಂಡಗಳಲ್ಲಿಯೇ ದಾಖಲಾದ ತಪ್ಪುಗಳು ಹೆಚ್ಚಿರುವುದು ಕಂಡುಬಂತು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂಬುದಕ್ಕಿಂತ, ಅಲ್ಲಿನ ದಾದಿಯರು ತಪ್ಪನ್ನು ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು ಎಂಬ ವಿವರಣೆಯೇ ಅವರಿಗೆ ಸರಿಯೆನಿಸಿತು. ಅಂಜಿಕೆಯ ವಾತಾವರಣವಿದ್ದಲ್ಲಿ ದಾಖಲೆ ಶುಭ್ರವಾಗಿತ್ತು, ಅಷ್ಟೆ. ನಿಮ್ಮ ಮ್ಯಾನೇಜರ್ ಅವರು ತಮ್ಮ ವಿಭಾಗದಿಂದ ದೂರುಗಳೇ ಬರುವುದಿಲ್ಲ ಎಂದು ಎಂದಾದರೂ ಹೆಮ್ಮೆಪಟ್ಟಿದ್ದರೆ ಈ ಪ್ರಸಂಗವನ್ನು ನೆನಪಿನಲ್ಲಿಟ್ಟುಕೊಳ್ಳಿ. ಆದರೆ ಅವರ ಮುಖದೆದುರು ಇದನ್ನು ಹೇಳಬೇಡಿ.

‘ಇದರಿಂದ ಸಂಸ್ಥೆಗೆ ಏನು ಬರುತ್ತದೆ’ ಎಂದು ಅವರು ಕೇಳಿಯೇ ಕೇಳುತ್ತಾರೆ. ಎಡ್ವರ್ಡ್ ಲಜೀರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ತಂತ್ರಜ್ಞಾನ ಆಧಾರಿತ ಸೇವೆ ನೀಡುವ ದೊಡ್ಡ ಸಂಸ್ಥೆಯೊಂದರ ಸುಮಾರು 24 ಸಾವಿರ ಕೆಲಸಗಾರರ ದೈನಂದಿನ ದಾಖಲೆಗಳನ್ನು ಅವರವರ ಮೇಲಧಿಕಾರಿಗಳೊಂದಿಗೆ ಹೊಂದಿಸಿ ನೋಡಿತು. ಕೆಳಗಿನ ಶೇ 10ರಷ್ಟು ಮೇಲಧಿಕಾರಿಗಳಲ್ಲಿ ಒಬ್ಬರನ್ನು ತೆಗೆದು ಮೇಲಿನ ಶೇ 10ರಲ್ಲಿ ಒಬ್ಬರನ್ನು ತಂದರೆ, ಒಂಬತ್ತು ಮಂದಿಯ ತಂಡಕ್ಕೆ ಹತ್ತನೆಯ ಕೆಲಸಗಾರರನ್ನು ಸೇರಿಸಿದಷ್ಟು ಉತ್ಪಾದನೆ ಹೆಚ್ಚುತ್ತದೆ ಎಂಬುದು ಅದರ ಲೆಕ್ಕ. ನಿಮ್ಮ ತಂಡ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಈ ವ್ಯತ್ಯಾಸದ ಬಹುಪಾಲು ಕೈಕೆಳಗಿನವರಿಗೆ ಕೆಲಸ ಕಲಿಸುವುದರಿಂದ ಬರುತ್ತದೆ ಎಂದೂ ಆ ಸಂಶೋಧಕರು ಕಂಡುಕೊಂಡರು. ಮೇಲಧಿಕಾರಿಗಳ ನಡುವೆ ಇಷ್ಟು ಅಂತರವಿದೆ ಎಂದು ಈ ಅಧ್ಯಯನ ಹೇಳುತ್ತದೆಯೇ ಹೊರತು ಕೋರ್ಸ್ ಮಾಡಿದರೆ ಆ ಅಂತರ ತುಂಬುತ್ತದೆ ಎಂದು ಹೇಳುವುದಿಲ್ಲ. ಈ ಮಿತಿಯನ್ನು ನೀವಾಗಿಯೇ ಹೇಳಿಬಿಟ್ಟರೆ ನಿಮ್ಮ ಮಾತಿನ ತೂಕ ಹೆಚ್ಚುತ್ತದೆ. ‘ಜನ ಸಂಸ್ಥೆಯನ್ನು ಬಿಡುವುದಿಲ್ಲ, ಮ್ಯಾನೇಜರನ್ನು ಬಿಡುತ್ತಾರೆ’ ಎಂಬಂಥ ಘೋಷಣೆಗಳನ್ನು ಮಾತ್ರ ಅವರ ಬಳಿ ಬಳಸಬೇಡಿ. ಅದು ಕೇಳುವವರಿಗೆ ಬೆರಳು ತೋರಿಸಿದಂತಾಗುತ್ತದೆ.

ಹುಟ್ಟುಗುಣವಿದ್ದವರು ಹೇಗೂ ನಡೆಸುತ್ತಾರೆ, ಇಲ್ಲದವರಿಗೆ ಕಲಿಸಿ ಫಲವಿಲ್ಲ ಎಂದು ಅವರು ವಾದಿಸಿದರೆ, ನಿಮಗೆ ಬಡ್ತಿ ಸಿಕ್ಕಿದ ಬಗೆಯನ್ನೇ ನೆನಪಿಸಿ. ನಿಮ್ಮನ್ನು ಆರಿಸುವಾಗ ಯಾರೂ ಜನರನ್ನು ನಡೆಸುವ ಗುಣವನ್ನು ಅಳೆದಿರಲಿಲ್ಲ. ಅಮೆರಿಕದ ನೂರಕ್ಕೂ ಹೆಚ್ಚು ಸಂಸ್ಥೆಗಳ ಮಾರಾಟ ಸಿಬ್ಬಂದಿಯ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೆಚ್ಚು ಮಾರಾಟ ಮಾಡಿದವರಿಗೇ ಬಡ್ತಿ ಹೆಚ್ಚು ಸಿಗುತ್ತದೆ, ಆದರೆ ಹಾಗೆ ಬಡ್ತಿ ಪಡೆದ ಅತ್ಯುತ್ತಮ ಮಾರಾಟಗಾರರ ಕೈಕೆಳಗಿನ ತಂಡಗಳ ಸಾಧನೆ ಕುಗ್ಗುತ್ತದೆ ಎಂದು ತೋರಿಸಿದೆ. ಕುಶಲ ಕೆಲಸಗಾರ್ತಿ ಎಂದು ಆರಿಸಿ, ಮೇಲ್ವಿಚಾರಕಿಯ ಕೆಲಸ ಕೊಟ್ಟ ಮೇಲೆ, ಎರಡರ ನಡುವಿನ ಅಂತರವನ್ನು ತುಂಬುವ ಹೊಣೆ ಆರಿಸಿದವರ ಮೇಲೂ ಒಂದಿಷ್ಟು ಇರುತ್ತದೆ.

ಇಷ್ಟೆಲ್ಲ ನಿಮ್ಮ ತಿಳಿವಳಿಕೆಗೆ. ಅವರ ಕೋಣೆಗೆ ಇದನ್ನೆಲ್ಲ ಹೊತ್ತುಕೊಂಡು ಹೋಗಬೇಡಿ. ಅಧ್ಯಯನಗಳ ಪಟ್ಟಿ ಕೇಳಿ ಮನಸ್ಸು ಬದಲಿಸಿದ ಹಿರಿಯ ಅಧಿಕಾರಿಯನ್ನು ನಾನಿನ್ನೂ ನೋಡಿಲ್ಲ. ಅವರ ನಿದ್ದೆ ಕೆಡಿಸುತ್ತಿರುವ ಒಂದು ಸಮಸ್ಯೆಯನ್ನು ಹಿಡಿಯಿರಿ. ಹೊಸಬರು ಕೆಲಸ ಕಲಿಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದಾರೆಯೇ, ಒಂದೇ ತಪ್ಪು ಮೂರನೆಯ ಸಲವೂ ಬರುತ್ತಿದೆಯೇ, ಇಬ್ಬರ ಮನಸ್ತಾಪದಿಂದ ಕಡತಗಳು ಮೇಜಿನಿಂದ ಮೇಜಿಗೆ ಅಲೆಯುತ್ತಿವೆಯೇ ಎಂದು ನೋಡಿ, ಅದರಿಂದ ಆಗುತ್ತಿರುವ ನಷ್ಟವನ್ನು ಅವರೇ ಒಪ್ಪುವಂಥ ಗಂಟೆಗಳ ಲೆಕ್ಕದಲ್ಲಿ ಬರೆದಿಡಿ. ನಂತರ ‘ಇದನ್ನು ನೀವಾಗಿದ್ದರೆ ಹೇಗೆ ಬಗೆಹರಿಸುತ್ತಿದ್ದಿರಿ, ಸಾರ್?’ ಎಂದು ಕೇಳಿ, ಅವರು ಹೇಳಿದ್ದನ್ನು ನಿಜವಾಗಿಯೂ ಕೇಳಿಸಿಕೊಳ್ಳಿ. ಇಪ್ಪತ್ತು ವರ್ಷದ ಅನುಭವದಲ್ಲಿ ನಿಮಗೆ ಬೇಕಾದದ್ದು ಬಹಳಷ್ಟಿರುತ್ತದೆ. ಹಾಗೆ ಕೇಳಿಸಿಕೊಂಡ ಮೇಲೆ ಆರು ತಿಂಗಳ ಕೋರ್ಸನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಮೊದಲು ಎರಡು ತಿಂಗಳ ಪ್ರಯೋಗಕ್ಕೆ ಅನುಮತಿ ಬೇಡಿ: ಒಂದು ಸಣ್ಣ ಕೋರ್ಸ್, ಒಂದು ಸಮಸ್ಯೆ, ಕೊನೆಗೆ ಅದೇ ಗಂಟೆಗಳ ಲೆಕ್ಕ. ಫಲ ಕಾಣದಿದ್ದರೆ ಮುಂದಿನ ಬೇಡಿಕೆಯನ್ನು ಕೈಬಿಡುವುದಾಗಿಯೂ ಹೇಳಿ. ಈ ಕೊನೆಯ ಮಾತನ್ನು ಹೇಳುವ ಧೈರ್ಯ ನಿಮಗಿಲ್ಲದಿದ್ದರೆ, ಆರಿಸಿಕೊಂಡ ಕೋರ್ಸನ್ನು ಇನ್ನೊಮ್ಮೆ ಪರಿಶೀಲಿಸುವುದು ಒಳಿತು.

ಪ್ರಶ್ನೆ: ನಾನೂ ಅಂಥ ಸಂಶಯದ ಮ್ಯಾನೇಜರ್‌ಗಳ ಸಾಲಿನವನೇ. ಹಿಂದೆ ಮೂವರನ್ನು ನಾಯಕತ್ವ ತರಬೇತಿಗೆ ಕಳುಹಿಸಿದ್ದೆ. ಹದಿನೈದು ದಿನ ಹೊಸ ಪದಗಳಲ್ಲಿ ಮಾತನಾಡಿದರು, ಆಮೇಲೆ ಎಲ್ಲವೂ ಮೊದಲಿನಂತೆಯೇ ಆಯಿತು. ಮತ್ತೆ ಹಣ ಹಾಕಬೇಕೆ?

ಉತ್ತರ: ಅದೇ ಬಗೆಯ ತರಬೇತಿಯಾದರೆ ಬೇಡ. ನಾಯಕತ್ವ ತರಬೇತಿ ಪಡೆದವರ 335 ಮಾದರಿ ಗುಂಪುಗಳ ಫಲಿತಾಂಶಗಳನ್ನು ಒಟ್ಟಾಗಿ ತೂಗಿದ 2017ರ ವಿಶ್ಲೇಷಣೆಯೊಂದು, ಇಂಥ ತರಬೇತಿ ಸಾಮಾನ್ಯವಾಗಿ ಫಲ ಕೊಡುತ್ತದೆ ಎಂದು ಹೇಳುವುದರ ಜೊತೆಗೆ ಯಾವ ಬಗೆಯದು ಹೆಚ್ಚು ಫಲ ಕೊಡುತ್ತದೆ ಎಂಬುದನ್ನೂ ಗುರುತಿಸಿದೆ: ಮೊದಲೇ ಅಗತ್ಯವನ್ನು ಅಳೆದು ರೂಪಿಸಿದ್ದು, ಒಂದೇ ಸಲಕ್ಕೆ ಮುಗಿಸದೆ ಬಿಡುವು ಕೊಟ್ಟು ಹಲವು ಬಾರಿ ನಡೆಸಿದ್ದು, ಕಲಿತದ್ದನ್ನು ಅಲ್ಲಿಯೇ ಮಾಡಿಸಿ ನೋಡಿ ತಿದ್ದಿದ್ದು. ನಿಮ್ಮ ಮೂವರಿಗೆ ಇವುಗಳಲ್ಲಿ ಯಾವುದು ಸಿಕ್ಕಿತ್ತು ಎಂಬುದನ್ನು ನೀವೇ ಬಲ್ಲಿರಿ.

ತರಬೇತಿಯಿಂದ ಬಂದವರು ಯಾಕೆ ಹಳೆಯ ದಾರಿಗೆ ಮರಳುತ್ತಾರೆ ಎಂಬುದಕ್ಕೆ ಮುಂಬೈ ಬಳಿಯ ಜವಳಿ ಕಾರ್ಖಾನೆಗಳಲ್ಲಿ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ಅಲ್ಲಿ ಸಲಹೆಗಾರರು ತಿಂಗಳುಗಟ್ಟಲೆ ಜೊತೆಗಿದ್ದು ಉತ್ತಮ ನಿರ್ವಹಣೆಯ ಕ್ರಮಗಳನ್ನು ಕಲಿಸಿದಾಗ ಮೊದಲ ವರ್ಷದಲ್ಲಿಯೇ ಉತ್ಪಾದಕತೆ ಶೇ 17ರಷ್ಟು ಏರಿತು. ಆ ಕ್ರಮಗಳಲ್ಲಿ ಗುಣಮಟ್ಟ ಮತ್ತು ದಾಸ್ತಾನಿಗೆ ಸಂಬಂಧಿಸಿದವೇ ಹೆಚ್ಚು, ಜನರಿಗೆ ಸಂಬಂಧಿಸಿದವು ಕೆಲವು ಮಾತ್ರ ಎಂಬುದನ್ನೂ ಹೇಳಬೇಕು. ವರ್ಷಗಳ ನಂತರ ಸಂಶೋಧಕರು ಅದೇ ಕಾರ್ಖಾನೆಗಳಿಗೆ ಮರಳಿ ನೋಡಿದಾಗ ಕಲಿಸಿದ ಕ್ರಮಗಳಲ್ಲಿ ಸುಮಾರು ಅರ್ಧದಷ್ಟನ್ನು ಕೈಬಿಡಲಾಗಿತ್ತು; ಹಾಗಿದ್ದೂ ಸಲಹೆ ಪಡೆಯದಿದ್ದ ಕಾರ್ಖಾನೆಗಳಿಗಿಂತ ಅವು ಮುಂದೆಯೇ ಇದ್ದವು. ಕೈಬಿಡಲು ಮುಖ್ಯ ಕಾರಣಗಳಾಗಿ ಕಂಡವು ಎರಡು: ಕಾರ್ಖಾನೆಯ ಮ್ಯಾನೇಜರ್ ಬದಲಾದದ್ದು ಮತ್ತು ಮೇಲಿನವರಿಗೆ ಇದರತ್ತ ಗಮನ ಕೊಡಲು ಸಮಯವಿಲ್ಲದ್ದು.

ಎರಡನೆಯ ಕಾರಣ ನಿಮ್ಮ ಕೈಯಲ್ಲಿದೆ. ಮುಂದಿನ ಸಲ ಯಾರನ್ನಾದರೂ ಕಳುಹಿಸುವ ಮೊದಲು ಅವರನ್ನು ಕೂರಿಸಿಕೊಂಡು, ಮರಳಿ ಬಂದು ಯಾವ ಒಂದು ಅಭ್ಯಾಸವನ್ನು ಬದಲಿಸುತ್ತೀರಿ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಕೊಟ್ಟು, ಆ ಒಂದರ ಬಗ್ಗೆ ಮಾತ್ರ ವಿಚಾರಿಸಿ. ಅದಕ್ಕೂ ನಿಮಗೆ ಬಿಡುವಾಗದು ಎಂದಾದರೆ ಹಣವನ್ನು ಉಳಿಸಿಕೊಳ್ಳಿ.