ಮನೆ ಕೂಟದಲ್ಲಿ ಮಾತಾಡುವವರು ಅದೇ ಮೂವರು!

ಪ್ರಶ್ನೆ: ಕೊಡಗಿನ ಸಿದ್ದಾಪುರದ ಕಡೆಯ ಕ್ರೈಸ್ತ ಸಭೆ (ಚರ್ಚು) ನಮ್ಮದು. ಸುಮಾರು ಅರವತ್ತು ಕುಟುಂಬಗಳಿವೆ. ಎರಡು ವರ್ಷದ ಹಿಂದೆ, ಒಬ್ಬರ ಮನೆಯಲ್ಲಿ ಸೇರಿ ಪ್ರಾರ್ಥಿಸಿ ಬೈಬಲ್ ಓದುವ ನಾಲ್ಕು ಮನೆ ಕೂಟ ಶುರು ಮಾಡಿದೆವು. ಈಗ ಉಳಿದಿರುವುದು ಒಂದೇ. ಇಪ್ಪತ್ತು ಜನ ಬರುತ್ತಾರೆ, ಆದರೆ ಮಾತಾಡುವವರು ಅದೇ ಮೂವರು. ಉಳಿದವರು ಕೇಳಿಸಿಕೊಂಡು, ಕಾಫಿ ಕುಡಿದು ಹೋಗುತ್ತಾರೆ. 'ಜನರಿಗೆ ಆಸಕ್ತಿ ಇಲ್ಲ' ಎನ್ನುತ್ತಾರೆ ನಮ್ಮ ಅಯ್ಯನವರು (ಪಾದ್ರಿ). ನಿಜಾನಾ? ಎಲ್ಲಿಂದ ಸರಿ ಮಾಡಬೇಕು?
– ಒಬ್ಬ ಸಭಾ ಹಿರಿಯ

ಆಸಕ್ತಿ ಇಲ್ಲದವರು ಎರಡು ವರ್ಷ ಕಾಫಿಗಾಗಿ ಬರುವುದಿಲ್ಲ. ಅದೂ ಕೊಡಗಿನಲ್ಲಿ! ಬಂದು ಸುಮ್ನೆ ಕೂರುತ್ತಾರೆ ಅಂದರೆ ಅವರಿಗೆ ಮಾತಾಡಲು ಜಾಗ ಸಿಕ್ಕಿಲ್ಲ.

ನಿಮ್ಮ ಕೂಟದ ಕ್ರಮವನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿ. ಮೂರು ಕೀರ್ತನೆ, ಪ್ರಾರ್ಥನೆ, ಬೈಬಲ್ ವಾಕ್ಯ ಓದುವುದು, ನಲವತ್ತು ನಿಮಿಷ ಸಂದೇಶ, ಮತ್ತೆ ಪ್ರಾರ್ಥನೆ, ಕಾಫಿ. ಹೀಗೇ ಇದೆ ಅಲ್ವಾ? ಇದು ಭಾನುವಾರದ ಆರಾಧನೆಯೇ. ಬೆಂಚಿನ ಬದಲು ಪ್ಲಾಸ್ಟಿಕ್ ಕುರ್ಚಿ ಬಂದಿದೆ, ಅಷ್ಟೇ. ಅಯ್ಯನವರು ಚೆನ್ನಾಗಿ ಹೇಳಿದ್ದನ್ನು ಗುರುವಾರ ಇನ್ನೊಬ್ಬರು ಉದ್ದವಾಗಿ ಹೇಳಿದರೆ ಯಾರು ತಾನೇ ಬರುತ್ತಾರೆ? ತ್ರೋವ ಎಂಬ ಊರಿನಲ್ಲಿ ಅಪೊಸ್ತಲ ಪೌಲ ಮಧ್ಯರಾತ್ರಿವರೆಗೆ ಮಾತಾಡಿದಾಗ, ಕಿಟಕಿಯಲ್ಲಿ ಕೂತಿದ್ದ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ ಎಂದು ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. ಪೌಲನ ಪಾಡೇ ಹೀಗಾದರೆ ನಮ್ಮದೇನು.

ಮನೆ ಕೂಟದ ಕೆಲಸವೇ ಬೇರೆ. ಒಬ್ಬರು ಎರಡು ವಾರ ಕಾಣದಿದ್ದರೆ 'ಯಾಕೆ ಬಂದಿಲ್ಲ' ಅಂತ ಕೇಳುವವರು ಅಲ್ಲಿರಬೇಕು. ಅರವತ್ತು ಕುಟುಂಬದಲ್ಲಿ ಅಯ್ಯನವರೊಬ್ಬರಿಂದ ಇದು ಆಗುವುದಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1742ರಲ್ಲಿ, ಮೆಥಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಯ ಜನ ಪ್ರಾರ್ಥನಾ ಮಂದಿರ ಕಟ್ಟಿದ ಸಾಲದಲ್ಲಿದ್ದರು. ಪ್ರತಿಯೊಬ್ಬರಿಂದ ವಾರಕ್ಕೆ ಒಂದು ಪೆನ್ನಿ ಎತ್ತೋಣ ಎಂದು ಒಬ್ಬ ಸಲಹೆ ಕೊಟ್ಟ. ಹನ್ನೆರಡು ಜನಕ್ಕೆ ಒಬ್ಬ ನಾಯಕ, ಅವನು ಮನೆ ಮನೆಗೆ ಹೋಗಿ ದುಡ್ಡು ತರಬೇಕು. ಹೀಗೆ ಹೋದವರಿಗೆ ದುಡ್ಡಿಗಿಂತ ಜಾಸ್ತಿ ಸಿಕ್ಕಿದ್ದು ಮನೆಯೊಳಗಿನ ಸುದ್ದಿ. ಒಂದು ಕಡೆ ಕುಡಿತ, ಇನ್ನೊಂದು ಕಡೆ ಜಗಳ. ವಾರಕ್ಕೊಮ್ಮೆ ಎಲ್ಲರೂ ಒಂದೇ ಕಡೆ ಸೇರುವುದು ಆಮೇಲೆ ರೂಢಿಯಾಯಿತು. ಮೆಥಡಿಸ್ಟ್ ಸಭೆ ಬೆಳೆದದ್ದು ಈ ಗುಂಪುಗಳ ಮೇಲೆ. ಸಾಲ ವಸೂಲಿಯಿಂದ ಶುರುವಾದದ್ದು ಹೀಗಾಯಿತಲ್ಲ, ನನಗೆ ಈ ಕತೆ ಬಹಳ ಇಷ್ಟ.

ಈಗ ನಿಮ್ಮ ಇಪ್ಪತ್ತು ಜನರ ಲೆಕ್ಕ. ಹಾಡು, ಓದು ಮುಗಿದ ಮೇಲೆ ನಲವತ್ತು ನಿಮಿಷ ಉಳಿಯಿತು ಅನ್ನಿ. ಎಂಟು ಜನ ಇದ್ದರೆ ಒಬ್ಬೊಬ್ಬರಿಗೆ ಐದು ನಿಮಿಷ, ಇಪ್ಪತ್ತು ಜನ ಇದ್ದರೆ ಎರಡೇ ನಿಮಿಷ. ಇನ್ನೊಂದು ರೀತಿ ನೋಡಿ. ಎಂಟು ಜನರ ನಡುವೆ ಇಬ್ಬಿಬ್ಬರ ಜೋಡಿ 28 ಆಗುತ್ತವೆ, ಇಪ್ಪತ್ತು ಜನರ ನಡುವೆ 190. ಇಷ್ಟೊಂದು ಪರಿಚಯ ಯಾರಿಂದಲೂ ಆಗದು. ಗುಂಪು ದೊಡ್ಡದಾದಷ್ಟೂ ಧೈರ್ಯ ಇದ್ದವರು ಮಾತಾಡುತ್ತಾರೆ, ಉಳಿದವರು ಗೋಡೆಗೆ ಒರಗುತ್ತಾರೆ. ಆರರಿಂದ ಹನ್ನೆರಡು ಜನ ಸಾಕು.

ಆ ಮೂವರನ್ನು ಬೈಯಬೇಡಿ. ಅವರು ಇಷ್ಟು ದಿನ ಕೂಟವನ್ನು ಎಳೆದುಕೊಂಡು ಬಂದಿದ್ದಾರೆ. ಅವರಿಗೆ ಬೇರೆ ಕೆಲಸ ಕೊಡಿ: ಕೇಳುವುದು. ನಡೆಸುವವರು ಸಂದೇಶ ಕೊಡಬಾರದು ಎಂದು ನಿಯಮ ಮಾಡಿ. ಪ್ರಶ್ನೆ ಕೇಳಿ ಸುಮ್ಮನಿರಬೇಕು. ಯಾರೂ ಮಾತಾಡದ ಅರ್ಧ ನಿಮಿಷ ಬಹಳ ಉದ್ದ ಅನಿಸುತ್ತದೆ. ಅದನ್ನು ತಡೆದುಕೊಳ್ಳಲು ಕಲಿಯಬೇಕು, ಯಾಕೆಂದರೆ ಮೂಲೆಯಲ್ಲಿ ಕೂತ ಅಮ್ಮ ಬಾಯಿ ಬಿಡುವುದು ಆ ಮೌನದ ಕೊನೆಯಲ್ಲೇ.

ಹಾಗಾದರೆ ವಾಕ್ಯ ಬೇಡವೇ? ಖಂಡಿತ ಬೇಕು. ದಕ್ಷಿಣ ಆಫ್ರಿಕಾದ ಲುಮ್ಕೊ ಎಂಬ ಕ್ಯಾಥೊಲಿಕ್ ತರಬೇತಿ ಕೇಂದ್ರದಿಂದ ಬಂದ ಏಳು ಹಂತದ ಓದು ನಮ್ಮಲ್ಲೂ ಚೆನ್ನಾಗಿ ನಡೆಯುತ್ತದೆ. ಮೊದಲು ಕರ್ತನನ್ನು ಕರೆದು ಪ್ರಾರ್ಥನೆ. ಒಬ್ಬರು ವಾಕ್ಯ ಓದುತ್ತಾರೆ. ಮನಸ್ಸಿಗೆ ತಾಗಿದ ಪದ ಅಥವಾ ಸಾಲನ್ನು ಒಬ್ಬೊಬ್ಬರೂ ಗಟ್ಟಿಯಾಗಿ ಹೇಳುತ್ತಾರೆ. ಸ್ವಲ್ಪ ಹೊತ್ತು ಮೌನ. ಯಾಕೆ ತಾಗಿತು ಅಂತ ಇಷ್ಟ ಇದ್ದವರು ಹೇಳುತ್ತಾರೆ, ಯಾರೂ ತಿದ್ದುವಂತಿಲ್ಲ, ವಾದ ಮಾಡುವಂತಿಲ್ಲ. ಆಮೇಲೆ ಈ ವಾರ ನಾವು ಏನು ಮಾಡಬೇಕು ಎಂಬ ಮಾತು. ಕೊನೆಗೆ ಪ್ರಾರ್ಥನೆ. ಓದಲು ಬಾರದವರೂ ಇದರಲ್ಲಿ ಸಮಾನರು. ಆರನೇ ಹಂತವನ್ನು ಮಾತ್ರ ಬಿಡಬೇಡಿ. ಜ್ವರದಲ್ಲಿ ಮಲಗಿದವರ ಮನೆಗೆ ಯಾರು ಹೋಗುತ್ತಾರೆ, ಆ ಹುಡುಗಿಯ ಶಾಲೆಯ ಅರ್ಜಿ ಯಾರು ತುಂಬುತ್ತಾರೆ, ಇಂಥದ್ದು. ಕೆಲಸ ಇಲ್ಲದ ಕೂಟ ಒಂದೆರಡು ವರ್ಷಕ್ಕೇ ಸಪ್ಪೆಯಾಗುತ್ತದೆ.

ಸಮಯ ನಮ್ಮ ಊರಿನ ಲೆಕ್ಕದಲ್ಲೇ ಇರಲಿ. ನಿಮ್ಮ ಕಡೆ ಸಂಜೆ ಏಳಕ್ಕೆ ಕೂಟ ಇಟ್ಟು, 'ಆನೆ ಇದೆ, ಹುಷಾರಾಗಿ ಬನ್ನಿ' ಅನ್ನುವುದು ಸರಿಯಲ್ಲ. ನಾಲ್ಕಕ್ಕೆ ಶುರು ಮಾಡಿ, ಬೆಳಕಿರುವಾಗಲೇ ಮುಗಿಸಿ. ಅಥವಾ ಭಾನುವಾರ ಆರಾಧನೆ ಮುಗಿದ ತಕ್ಷಣ ಕೂಡಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊತ್ತು ಮುಳುಗುವವರೆಗೆ ದುಡಿದು ಬಂದವರನ್ನು ವಾರ ವಾರ ಕರೆಯಬೇಡಿ, ತಿಂಗಳಿಗೊಮ್ಮೆ ಸಾಕು. ಮುಂಗಾರಿನಲ್ಲಿ ಕರೆಂಟು ಹೋಗುತ್ತದೆ, ದಾರಿ ಕೆಡುತ್ತದೆ. ಆಗ ನಡೆದು ಹೋಗುವಷ್ಟು ಹತ್ತಿರದ ಮನೆಯವರದ್ದೇ ಗುಂಪು ಆಗಬೇಕು. ಹತ್ತಿರದ ಮನೆಯವರೇ ಸೇರುವುದಕ್ಕೆ ಇನ್ನೊಂದು ಕಾರಣವೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನಾವು ಮರೆತಿಲ್ಲ. ಯಾವ ಮನೆಯಲ್ಲಿ ಎದ್ದು ನಡೆಯಲಾಗದ ಅಜ್ಜಿ ಇದ್ದಾರೆ ಎಂಬುದು ಅಂಥ ರಾತ್ರಿ ಯಾರಿಗಾದರೂ ಬಾಯಿಪಾಠವಾಗಿ ಗೊತ್ತಿರಬೇಕು.

ಇನ್ನು ತಿಂಡಿ. ಒಬ್ಬರ ಮನೆಯಲ್ಲಿ ಕಡುಬು, ಕೋಳಿ ಸಾರು ಆದರೆ ಮುಂದಿನ ಮನೆಯವರು ಏನು ಮಾಡಬೇಕು? 'ಈ ತಿಂಗಳು ನಮ್ಮ ಮನೆ ಬೇಡ' ಅನ್ನುತ್ತಾರೆ. ಎಲ್ಲರ ಮನೆಯಲ್ಲೂ ಬೆಲ್ಲದ ಕಾಫಿ ಮತ್ತು ಬಿಸ್ಕತ್ತು, ಅಷ್ಟೇ ಎಂದು ತೀರ್ಮಾನಿಸಿ. ಹೆಂಗಸರು ಅಡುಗೆಮನೆ ಬಿಟ್ಟು ಬಂದು ಕೂರುತ್ತಾರೆ. ಅವರಲ್ಲೇ ನಿಮಗೆ ಒಳ್ಳೆಯ ನಾಯಕಿಯರು ಸಿಗುತ್ತಾರೆ. ರೋಮಾಪುರದ ಪತ್ರದಲ್ಲಿ ಮನೆಯಲ್ಲಿ ಸಭೆ ಕೂಡಿಸುತ್ತಿದ್ದ ದಂಪತಿಯನ್ನು ವಂದಿಸುವಾಗ ಪೌಲ ಮೊದಲು ಬರೆದ ಹೆಸರು ಹೆಂಡತಿ ಪ್ರಿಸ್ಕಳದ್ದು.

ಮುಚ್ಚಿದ ಮೂರು ಕೂಟಗಳನ್ನು ಒಂದೇ ದಿನ ತೆರೆಯಬೇಡಿ. ಇರುವ ಕೂಟದಿಂದ ಇಬ್ಬರನ್ನು ಆರಿಸಿ, ಆರು ತಿಂಗಳು ಜೊತೆಗಿಟ್ಟು ನಡೆಸುವುದನ್ನು ಕಲಿಸಿ, ಆಮೇಲೆ ಎರಡನೆಯದು. ಕಾಫಿ ಗಿಡ ನೆಟ್ಟ ಮರುವರ್ಷವೇ ಬುಟ್ಟಿ ಹಿಡಿದುಕೊಂಡು ಹೋಗುವವರು ನಮ್ಮಲ್ಲಿ ಯಾರೂ ಇಲ್ಲವಲ್ಲ.

ಪ್ರಶ್ನೆ: 'ಮನೆ ಕೂಟ ಪೆಂತೆಕೋಸ್ತಿನವರ ರೀತಿ, ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಂಪ್ರದಾಯ ಅಲ್ಲ' ಎಂದು ನಮ್ಮ ಹಿರಿಯರು ತಡೆಯುತ್ತಾರೆ. ಏನು ಹೇಳಲಿ?
– ಮಡಿಕೇರಿ

ಅವರಿಗೆ ಅವರದ್ದೇ ಚರಿತ್ರೆ ಹೇಳಿ. ಕೊಡಗಿಗೆ ಬಂದ ಪಾದ್ರಿ ಹರ್ಮನ್ ಮೊಗ್ಲಿಂಗ್ ಬಾಸೆಲ್ ಮಿಷನ್ನಿನವರು; ಆ ಮಿಷನ್ನಿನ ಸಭೆಗಳು ಮುಂದೆ ಸಿಎಸ್‌ಐಗೆ ಸೇರಿದವು. ಸಿದ್ದಾಪುರದ ಬಳಿಯ ಆನಂದಪುರ ಅವರು ನೆಲೆಗೊಳಿಸಿದ ಊರು. ಅವರ ಹುಟ್ಟೂರು ಜರ್ಮನಿಯ ವೂರ್ಟೆಂಬರ್ಗ್ ಪ್ರಾಂತದಲ್ಲಿತ್ತು. ಅಲ್ಲಿ ಸಾಮಾನ್ಯ ವಿಶ್ವಾಸಿಗಳು ಮನೆಯಲ್ಲಿ ಕೂಡಿ ಬೈಬಲ್ ಓದುವುದಕ್ಕೆ 1743ರಲ್ಲೇ ಸರ್ಕಾರದ ಒಪ್ಪಿಗೆ ಸಿಕ್ಕಿತ್ತು. ಬಾಸೆಲ್ ಮಿಷನ್ನಿಗೆ ಆ ಕೂಟಗಳಿಂದಲೇ ಎಷ್ಟೋ ಜನ ಬಂದರು. ಕ್ಯಾಥೊಲಿಕರಲ್ಲೂ ಇದು ಹೊಸದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರದ್ದು. ಅಲ್ಲಿಯ ಕೊಂಕಣಿ ಮನೆಗಳಲ್ಲಿ ಕೇಳಿದರೆ ಮಂಗಳೂರು ಕಡೆಯ 'ವಾಡೊ', 'ಗುರ್ಕಾರ್' ಪದ್ಧತಿಯ ಬಗ್ಗೆ ಹೇಳುತ್ತಾರೆ. ಧರ್ಮಕೇಂದ್ರವನ್ನು (ಒಂದು ಚರ್ಚಿನ ವ್ಯಾಪ್ತಿಯನ್ನು) ವಾಡೊಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಹಿರಿಯ, ಅವನೇ ಗುರ್ಕಾರ್. ಪೆಂತೆಕೋಸ್ತು ಚಳವಳಿ ಶುರುವಾದದ್ದೇ ಇಪ್ಪತ್ತನೇ ಶತಮಾನದಲ್ಲಿ.

ಪ್ರಶ್ನೆ: ನಮ್ಮ ಗುಂಪಿನಲ್ಲಿ ತೋಟದ ಮಾಲೀಕರೂ ಇದ್ದಾರೆ, ಲೈನ್ ಮನೆಯ ಕೂಲಿ ಕೆಲಸದವರೂ ಇದ್ದಾರೆ. ಒಬ್ಬರದು ಕನ್ನಡ, ಇನ್ನೊಬ್ಬರದು ತಮಿಳು, ಮತ್ತೊಬ್ಬರದು ಮಲಯಾಳ. ಹೋದ ತಿಂಗಳು ಒಬ್ಬ ತಾಯಿ ಮಗನ ಕುಡಿತದ ಬಗ್ಗೆ ಅತ್ತು ಪ್ರಾರ್ಥನೆ ಕೇಳಿದರು. ಮೂರೇ ದಿನಕ್ಕೆ ಅದು ಪೇಟೆಯ ಅಂಗಡಿಯಲ್ಲಿ ಮಾತಾಯಿತು. ಆಕೆ ಈಗ ಬರುತ್ತಿಲ್ಲ.
– ಪಾಲಿಬೆಟ್ಟ

ಭಾಷೆಯದು ಸುಲಭ. ಮಾತು ಕನ್ನಡದಲ್ಲಿ ಇರಲಿ, ಪ್ರಾರ್ಥನೆ ಅವರವರ ಭಾಷೆಯಲ್ಲಿ ಇರಲಿ. ಅಳುವಾಗ ಯಾರೂ ಎರಡನೇ ಭಾಷೆಯಲ್ಲಿ ಅಳುವುದಿಲ್ಲ. ಮಾಲೀಕರ ವಿಷಯ ಅಷ್ಟು ಸುಲಭವಲ್ಲ. ಕೂಲಿ ಕೊಡುವವರ ಎದುರು ಕೂಲಿಯ ಕಷ್ಟ ಯಾರು ಹೇಳುತ್ತಾರೆ? ಒಂದೇ ತೋಟದ ಮಾಲೀಕರು, ರೈಟರು (ಲೆಕ್ಕ ಬರೆಯುವವರು) ಮತ್ತು ಕೆಲಸದವರನ್ನು ಒಂದೇ ಗುಂಪಿಗೆ ಹಾಕಬೇಡಿ. ಬೇರೆ ಬೇರೆ ತೋಟದವರಾದರೆ ಬೆರೆಸಿ, ಒಳ್ಳೆಯದೇ ಆಗುತ್ತದೆ. ಆದರೆ ಲೈನ್ ಮನೆಯಲ್ಲೂ ಕೂಟ ನಡೆಯಬೇಕು, ಮಾಲೀಕರೂ ಅಲ್ಲಿ ಚಾಪೆ ಮೇಲೆ ಕೂರಬೇಕು.

ಆ ತಾಯಿಯ ಮನೆಗೆ ಗುಂಪಿನ ನಾಯಕರೇ ಹೋಗಿ ಕ್ಷಮೆ ಕೇಳಬೇಕು. ವಿವರಣೆ ಬೇಡ, 'ಬನ್ನಿ' ಅಂತ ಒತ್ತಾಯವೂ ಬೇಡ. ಇನ್ನು ಮುಂದೆ ಪ್ರಾರ್ಥನಾ ವಿನಂತಿಗಳನ್ನು ಸಭೆಯ ವಾಟ್ಸಾಪ್ ಗುಂಪಿಗೆ ಹಾಕುವುದನ್ನು ನಿಲ್ಲಿಸಿ. ಜಾಸ್ತಿ ಹರಡುವುದು ಅಲ್ಲಿಂದಲೇ. 'ಇವರಿಗಾಗಿ ಪ್ರಾರ್ಥಿಸಿ' ಎಂಬ ಹೆಸರಿನಲ್ಲಿ ಎಷ್ಟು ಚಾಡಿ ಸಾಗಿದೆಯೋ! ಮಾತು ಹೊರಗೆ ಒಯ್ದವರು ಯಾರೆಂದು ಗೊತ್ತಿದ್ದರೆ ಒಬ್ಬರೇ ಇರುವಾಗ ನೇರವಾಗಿ ಹೇಳಿ. ಗುಂಪಿನ ಮುಂದೆ ಬುದ್ಧಿವಾದ ಹೇಳಬೇಡಿ.

ಆದರೆ 'ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ' ಎಂಬ ಮಾತಿಗೆ ಮಿತಿ ಇದೆ. ಯಾರಾದರೂ ಸಾಯುವ ಮಾತಾಡಿದರೆ ಮನೆಯವರಿಗೆ ತಿಳಿಸಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ ಗುಟ್ಟಾಗಿ ಇಡುವಂತೆಯೇ ಇಲ್ಲ. 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಮಕ್ಕಳ ಸಹಾಯವಾಣಿ 1098. ಹೊಸ ಗುಂಪು ಕೂಡಿದ ಮೊದಲ ದಿನವೇ ಇದನ್ನು ಎಲ್ಲರ ಎದುರು, ಮೂರೂ ಭಾಷೆಯಲ್ಲಿ ಹೇಳಿಬಿಡಿ.